ನಾದುವ ಸದ್ದು

ಮಗಳು ಒದ್ದೆ ಬಟ್ಟೆಯಿಂದ ಅಪ್ಪನ ಉಗುರು ಸಂದಿಯ ಹಿಟ್ಟು ಬಿಡಿಸುತ್ತಿದ್ದಳು. ಒಣಗಿ ಗಟ್ಟಿಯಾಗಿದ್ದ ಅದು ಸುಲಭಕ್ಕೆ ಬರುತ್ತಿರಲಿಲ್ಲ. ನಿನ್ನೆ ಸಂಜೆ ಎಂದಿನಂತೆ ಹಿಟ್ಟು ನಾದಿ, ಮುಚ್ಚಿಟ್ಟು, ಸ್ವಲ್ಪ ಕೂತು ಕೈ ತೊಳೆಯುತ್ತೇನೆಂದು ಹಜಾರದ ಕುರ್ಚಿಗೆ ಒರಗಿದವನು ಮತ್ತೆ ಏಳಲಿಲ್ಲ.

"ಬಿಡಮ್ಮ," ಎಂದರು ಬೇಕರಿಯ ಯಜಮಾನರು. "ಆ ಕೈಯಲ್ಲಿ ಹಿಟ್ಟಿಲ್ಲದ ದಿನ ನಾನು ನೋಡಿದ್ದೇ ಇಲ್ಲ. ಹಾಗೇ ಹೋಗಲಿ."

ಮಗಳು ಬಿಡಲಿಲ್ಲ. ಸತ್ತವನ ಹೆಂಡತಿ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ಬಂದವರು ಕೂರಿಸಲು ನೋಡಿದರು, ಕೂರಲಿಲ್ಲ. ಪಾಪ, ದಿಕ್ಕೇ ತೋಚುತ್ತಿಲ್ಲ ಎಂದುಕೊಂಡು ಸುಮ್ಮನಾದರು. ಆ ಮನೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲುವುದು ಆಕೆಗೆ ಎಷ್ಟು ಹಳೆಯ ಅಭ್ಯಾಸವೆಂದು ಅವರಿಗೇನು ಗೊತ್ತು.

ಬೀದಿಗೆಲ್ಲ ಅವನು ಬ್ರೆಡ್ಡಣ್ಣ. ಕೆಟ್ಟ ಚಟ ಬಿಟ್ಟವರ ಮಾತು ಬಂದರೆ ಮೊದಲು ಅವನ ಸುದ್ದಿಯೇ ಬರುತ್ತಿತ್ತು. ಯಾರ ಸಾವಿಗೆ ಹೋದರೂ ಇನ್ನು ಹೆಂಡ ಮುಟ್ಟುವುದಿಲ್ಲವೆಂದು ಆಣೆಯಿಡುವ ಪಕ್ಕದ ಮನೆಯ ದರ್ಜಿ ಇವತ್ತೂ ಆಣೆಯಿಟ್ಟ. ದರ್ಜಿಯ ಹೆಂಡತಿ ಮುಖ ಆ ಕಡೆ ತಿರುಗಿಸಿಕೊಂಡಳು.

"ಬಿಟ್ಟರೆ ಬ್ರೆಡ್ಡಣ್ಣನ ಹಾಗೆ ಬಿಡಬೇಕು," ಎಂದ ದರ್ಜಿ, "ಒಂದೇ ಏಟಿಗೆ."

ಏಟು ಎಂಬ ಮಾತಿಗೆ ಗೋಡೆಯ ಬಳಿ ನಿಂತಿದ್ದ ಆಕೆ ಕಣ್ಣೆತ್ತಿದಳು. ಅದೇ ಹೊತ್ತಿಗೆ ಅಡುಗೆಮನೆಯಲ್ಲಿ ಧಪ್ ಎಂದಿತು.

ಎಲ್ಲರೂ ಆ ಕಡೆ ತಿರುಗಿದರು. ಒಳಗೆ ಯಾರೂ ಇರಲಿಲ್ಲ. ಆಕೆಯ ಎರಡೂ ಹೆಗಲು ತಾವಾಗಿಯೇ ಕಿವಿಯವರೆಗೆ ಏರಿದವು. ಆಕೆ ಅವನ ಕೈಗಳನ್ನು ನೋಡಿದಳು. ಎರಡೂ ಇಲ್ಲೇ ಇದ್ದವು, ಮಗಳ ಮಡಿಲಲ್ಲಿ.

ಬೆಕ್ಕಿರಬೇಕು ಎಂದರು ಯಾರೋ. ಆ ಮನೆಯಲ್ಲಿ ಬೆಕ್ಕಿರಲಿಲ್ಲ.

*

ಅವನು ಕುಡಿಯುತ್ತಿದ್ದ ಕಾಲದಲ್ಲಿ ಸಂಜೆ ಅವನಿಗಿಂತ ಮೊದಲು ಅವನ ವಾಸನೆ ಮನೆಯೊಳಗೆ ಬರುತ್ತಿತ್ತು. ನೆಪವೇನೂ ಬೇಕಿರಲಿಲ್ಲ, ಉಪ್ಪು ಹೆಚ್ಚಾದರೂ ಸೈ, ಕಮ್ಮಿಯಾದರೂ ಸೈ. ಬೇಕರಿಯಲ್ಲಿ ಪಳಗಿದ ಕೈ. ಎಲ್ಲಿ ಬಡಿದರೆ ಹೊರಗೆ ಕಾಣುವುದಿಲ್ಲವೆಂದು ಅದಕ್ಕೆ ಗೊತ್ತಿತ್ತು.

ಒಂದು ದಿನ ಕುಡಿಯದೆ ಬೇಗ ಬಂದವನು ಬಾಗಿಲಲ್ಲೇ ನಿಂತುಬಿಟ್ಟ. ಇನ್ನೂ ಶಾಲೆಗೆ ಸೇರದ ಮಗಳು ಬಟ್ಟೆ ಗೊಂಬೆಯನ್ನು ಗೋಡೆಗೆ ಒರಗಿಸಿ ಗುದ್ದುತ್ತಿದ್ದಳು. "ಬಾಯಿ ಮುಚ್ಚು. ಮುಚ್ಚು ಅಂದ್ರೆ ಮುಚ್ಚಬೇಕು." ಪುಟ್ಟ ಗಂಟಲೊಳಗಿಂದ ಅವನದೇ ದನಿ ಬರುತ್ತಿತ್ತು. ಸಿಟ್ಟೂ ಇರಲಿಲ್ಲ ಆ ದನಿಯಲ್ಲಿ. ಅಡುಗೆಯಾಟ ಆಡಿದಷ್ಟೇ ತಣ್ಣಗೆ ಆಡುತ್ತಿದ್ದಳು.

ಕುಡಿತ ಬೇಗ ಹೋಯಿತು. ಕೈ ಹೋಗಲಿಲ್ಲ. ಸಂಜೆಯಾದರೆ ಬೆರಳು ತಾವಾಗಿ ಮಡಿಸಿಕೊಳ್ಳುತ್ತಿದ್ದವು. ಅವನು ಕೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು ಬೆವರುತ್ತಿದ್ದ. ಕೊನೆಗೊಂದು ದಿನ ಹಿಟ್ಟಿನ ಚೀಲ ಹೊತ್ತು ತಂದ.

"ಇದಕ್ಕೆ ಏನಾದ್ರೂ ಕೊಡ್ಬೇಕು," ಎಂದ, ತನ್ನ ಬಲಗೈಯನ್ನು ನೋಡುತ್ತ. "ಸುಮ್ನಿರಲ್ಲ ಇದು."

ಮನೆಗೆ ಬಂದ ಯಾರದೋ ಕೈಯ ಬಗ್ಗೆ ಹೇಳಿದ ಹಾಗಿತ್ತು.

ಅವತ್ತಿನಿಂದ ಸಂಜೆ ಆಕೆ ಒಳಕೋಣೆಯ ಕದ ಹಾಕಿಕೊಳ್ಳುವುದು, ಅವನು ಅಡುಗೆಮನೆಯ ಕಟ್ಟೆಯ ಮೇಲೆ ಹಿಟ್ಟು ಬಡಿಯುವುದು. ಧಪ್. ಧಪ್. ಮೊದಲು ಆ ಸದ್ದು ಆಕೆಗೆ ಮೈಯೊಳಗಿಂದ ಕೇಳುತ್ತಿತ್ತು, ಈಗ ಗೋಡೆಯಾಚೆಯಿಂದ. ಅಷ್ಟೇ ವ್ಯತ್ಯಾಸ. ಅವನು ಮತ್ತೆಂದೂ ಆಕೆಯ ಮೇಲೆ ಕೈ ಎತ್ತಲಿಲ್ಲ, ದನಿಯನ್ನೂ ಎತ್ತಲಿಲ್ಲ. ಬೆಳಿಗ್ಗೆ ಬ್ರೆಡ್ಡು ಹತ್ತಿಯಂತೆ ಮೆತ್ತಗಿರುತ್ತಿತ್ತು. ಬೀದಿಯವರು ಹೊಗಳಿ ಹೊಗಳಿ ತಿನ್ನುತ್ತಿದ್ದರು. ಆಕೆಗೂ ಅದು ರುಚಿಸುತ್ತಿತ್ತು. ಹೇಗೆ ರುಚಿಸುತ್ತದೆಂದು ಮಾತ್ರ ಆಕೆಗೆ ಅರ್ಥವಾಗುತ್ತಿರಲಿಲ್ಲ.

ಒಮ್ಮೆ ಹಲವು ದಿನ ಸದ್ದೇ ಬರಲಿಲ್ಲ. ಇಣುಕಿದರೆ ಅವನು ಹಿಟ್ಟನ್ನು ಮಗುವಿನ ಬೆನ್ನು ಸವರಿದಂತೆ ಸವರುತ್ತಿದ್ದ. ಆಕೆಯ ಹೆಗಲು ಮುದುಡುವುದು ಅವನ ಕಣ್ಣಿಗೆ ಬಿದ್ದಿತ್ತೋ ಏನೋ. ಆ ದಿನಗಳ ಬ್ರೆಡ್ಡು ಇಟ್ಟಿಗೆಯಾಯಿತು. ಅವನ ಕಣ್ಣಿನ ಕೆಳಗೆ ಕಪ್ಪು ಹತ್ತಿತು, ಬೆರಳು ಮತ್ತೆ ಮಡಿಸಿಕೊಳ್ಳತೊಡಗಿದವು.

"ಬಡೀರಿ," ಎಂದಳು ಆಕೆ ಬಾಗಿಲಲ್ಲಿ ನಿಂತು. "ಬಡೀದೆ ಇದ್ರೆ ಅದು ಉಬ್ಬಲ್ಲ."

ಅವನು ಆಕೆಯನ್ನು ನೋಡಿದ. ಆಮೇಲೆ ಬಡಿದ.

*

ಮಣ್ಣು ಮಾಡಿ ಬರುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ನೆಂಟರು ಒಬ್ಬೊಬ್ಬರಾಗಿ ಹೊರಟರು. ಕೊನೆಗೆ ಯಜಮಾನರೂ ಹೋದರು.

ಆಕೆ ನೀರು ಕುಡಿಯಲು ಅಡುಗೆಮನೆಗೆ ಹೋದಳು. ಬೋಗುಣಿಗೆ ಮುಚ್ಚಿದ್ದ ಮರದ ಹಲಗೆ ನೆಲದ ಮೇಲೆ ಬಿದ್ದಿತ್ತು. ಅದನ್ನು ಧಪ್ಪೆಂದು ಎತ್ತಿ ಬಿಸಾಡಿದ್ದು ಹಿಟ್ಟು. ನಿನ್ನೆ ಅವನು ನಾದಿಟ್ಟದ್ದು ಅಂಚು ಮೀರಿ ಉಬ್ಬಿ, ಒದ್ದೆ ಬಟ್ಟೆಯನ್ನು ತಲೆಯ ಮೇಲೆ ಹೊತ್ತು ನಿಂತಿತ್ತು. ಬಟ್ಟೆ ನಿಧಾನಕ್ಕೆ ಏರುತ್ತಿತ್ತು. ಒಳಗೆಲ್ಲೋ ಒಂದು ಗುಳ್ಳೆ ಒಡೆದು ಉಸಿರು ಬಿಟ್ಟಂತಾಯಿತು. ಕೋಣೆ ತುಂಬ ಹುಳಿ ವಾಸನೆ, ಅವನಿಗಿಂತ ಮೊದಲು ಮನೆಯೊಳಗೆ ಬರುತ್ತಿದ್ದ ವಾಸನೆ.

ಮಗಳು ಹಿಂದೆಯೇ ಬಂದಳು. ಬಹಳ ಹೊತ್ತು ನೋಡಿ, ಅಪ್ಪನ ಕೊನೇ ಹಿಟ್ಟು, ಬಿಸಾಕೋದು ಬೇಡ, ಬೇಯಿಸೋಣ ಎಂದಳು. ಬಟ್ಟೆ ಸರಿಸಿದಳು. ಉಬ್ಬಿದ್ದನ್ನು ಮೊದಲು ಗುದ್ದಿ ಇಳಿಸಬೇಕು. ಅವಳು ತೋಳು ಮಡಿಸಿ ಮುಷ್ಟಿ ಎತ್ತಿದಳು.

ಆಕೆಯ ಬೆನ್ನು ಗೋಡೆಗೆ ತಾಗಿತು.

ಮಗಳ ಕೈ ಗಾಳಿಯಲ್ಲೇ ನಿಂತಿತು. ಅವಳು ಅಮ್ಮನ ಹೆಗಲು ನೋಡಿದಳು, ತನ್ನ ಮುಷ್ಟಿ ನೋಡಿದಳು, ಮೆಲ್ಲಗೆ ಬೆರಳು ಬಿಡಿಸಿದಳು.

"ನಂಗೆ ನೆನಪಿದೆಯಮ್ಮ," ಎಂದಳು. "ಎಲ್ಲ ನೆನಪಿದೆ."

ಇಷ್ಟು ವರ್ಷ, ಅವಳಿಗೆ ಒಳ್ಳೆಯ ಅಪ್ಪನೊಬ್ಬನೇ ಗೊತ್ತು ಎಂದು ಆಕೆ ನಂಬಿದ್ದಳು. ಅದೊಂದಾದರೂ ಉಳಿಯಿತಲ್ಲ ಎಂದು ಬಾಯಿ ಬಿಟ್ಟಿರಲಿಲ್ಲ.

"ಮತ್ತೆ ಅವನ ಕೈ ಒರೆಸ್ತಾ ಕೂತಿದ್ದೆಯಲ್ಲ?"

"ಎರಡೂ ಅವರೇ ಅಲ್ವಾ."

ಕೋಣೆಯಲ್ಲಿ ಬೆಳಕು ಇಳಿಯುತ್ತಿತ್ತು. ಹಿಟ್ಟು ಇನ್ನಷ್ಟು ಏರಿ ಬೋಗುಣಿಯ ಆಚೆ ಜೋತುಬಿತ್ತು.

"ಜರುಗು," ಎಂದಳು ಆಕೆ.

ಗೋಡೆ ಬಿಟ್ಟು ಬಂದು ಕಟ್ಟೆಯ ಮುಂದೆ ನಿಂತಳು. ಬೆರಳು ಮಡಿಸಲು ಗೊತ್ತಾಗದೆ ಒಂದು ಸಲ ನೋಡಿಕೊಂಡಳು. ಆಮೇಲೆ ಇದ್ದಬದ್ದ ಬಲವೆಲ್ಲ ಸೇರಿಸಿ ಗುದ್ದಿದಳು.

ಸದ್ದಾಗಲಿಲ್ಲ. ಹಿಟ್ಟು ಉದ್ದಕ್ಕೆ ನಿಟ್ಟುಸಿರು ಬಿಟ್ಟು ಕುಸಿಯಿತು, ಮಣಿಕಟ್ಟಿನವರೆಗೆ ಕೈಯನ್ನು ಒಳಗೆಳೆದುಕೊಂಡು ಮೆತ್ತಗೆ ಸುತ್ತಿಕೊಂಡಿತು. ಒಳಗೆ ಇನ್ನೂ ಬೆಚ್ಚಗಿತ್ತು. ಆಕೆ ಕೈ ಹೊರಗೆ ತೆಗೆಯಲಿಲ್ಲ.