ಏಳನೇ ನಂಬರಿನ ಬೂಟು

ಹ್ಯಾಲಿಫ್ಯಾಕ್ಸ್‌ನಲ್ಲಿ ನಾಲ್ಕು ಗಂಟೆಯಾದಾಗ ನ್ಯೂಫೌಂಡ್‌ಲ್ಯಾಂಡಿನ ಸೇಂಟ್ ಜಾನ್ಸ್‌ನಲ್ಲಿ ನಾಲ್ಕೂವರೆ. ಈ ಅರ್ಧ ಗಂಟೆಯನ್ನೇ ಹಿಡಿದುಕೊಂಡು ಹೊರಗಿನವರು ನ್ಯೂಫೌಂಡ್‌ಲ್ಯಾಂಡಿನವರನ್ನು ತಲೆಮಾರುಗಳಿಂದ ಗೇಲಿ ಮಾಡುತ್ತ ಬಂದಿದ್ದಾರೆ. ಆದರೆ ಮಾರ್ಚ್ ತಿಂಗಳ ಆ ಶುಕ್ರವಾರ ಸೇಂಟ್ ಜಾನ್ಸ್‌ನಲ್ಲಿ ಓದುತ್ತಿದ್ದ ಕೊಲೀನ್ ಟಿಜಾರ್ಡ್‌ಗೆ ಅದು ದೇವರು ಕೊಟ್ಟ ವರದ ಹಾಗೆ ಕಂಡಿತ್ತು. ಲೆಕ್ಕ ಹಾಕಿದರೆ ಒಂದು ನಿಮಿಷದ ಲಾಭವೂ ಇಲ್ಲ, ಅದು ಅವಳಿಗೂ ಗೊತ್ತು. ಆದರೂ ಗಡುವು ನಾಲ್ಕಕ್ಕೆ ಅನ್ನುವುದಕ್ಕಿಂತ ನಾಲ್ಕೂವರೆಗೆ ಅಂದುಕೊಂಡರೆ ಉಸಿರಾಡಲು ಸ್ವಲ್ಪ ಜಾಗ ಸಿಕ್ಕಂತಾಗುತ್ತಿತ್ತು.

ಗಡುವು ಹಾಕಿದ್ದು ಹ್ಯಾಲಿಫ್ಯಾಕ್ಸ್‌ನ ದೊಡ್ಡ ಹಡಗು ಕಂಪನಿ. ಹಡಗು ವಿನ್ಯಾಸ ಓದುವ ಮೂರನೇ ವರ್ಷದ ಮಕ್ಕಳೆಲ್ಲ ಬೇಸಿಗೆಯ ನಾಲ್ಕು ತಿಂಗಳು ಎಲ್ಲಾದರೂ ಇಂಟರ್ನ್‌ಶಿಪ್ ಮಾಡಲೇಬೇಕು, ಇಲ್ಲದಿದ್ದರೆ ಮುಂದಿನ ವರ್ಷಕ್ಕೆ ದಾರಿಯಿಲ್ಲ. ನಲವತ್ತು ಮಂದಿಯ ತರಗತಿಯಲ್ಲಿ ಆ ಕಂಪನಿ ಮೊದಲು ಆರಿಸಿದ್ದು ಕೊಲೀನ್‌ಳನ್ನು. ಸೋಮವಾರ ಪತ್ರ ಬಂತು, ಶುಕ್ರವಾರ ಸಂಜೆಯೊಳಗೆ ಹೂಂ ಅಥವಾ ಊಹೂಂ ಹೇಳಬೇಕಿತ್ತು. ಬೇರೆ ಯಾರಾದರೂ ಆಗಿದ್ದರೆ ಕುಣಿದಾಡುತ್ತಿದ್ದರು. ಇವಳು ಪತ್ರವನ್ನು ಮಡಿಸಿ ಟೀ ಡಬ್ಬಿಯ ಕೆಳಗಿಟ್ಟು ಫೋನು ಹಿಡಿದು ಕೂತಳು.

ಯಾಕೆಂದರೆ ಅವಳ ಮನಸ್ಸು ಇದ್ದದ್ದು ಮೀನುಗಾರರ ಹಳ್ಳಿ ಕೆಟಲ್ ಕೋವ್‌ನಲ್ಲಿ. ಅಲ್ಲಿ ಲೊರೆಟ್ಟಾ ಕೀಪಿಂಗ್ ಎಂಬ ಅರವತ್ತರ ಹೆಂಗಸು ಮೀನುಗಾರರ ಸಣ್ಣ ದೋಣಿಗಳನ್ನು ಪರೀಕ್ಷೆ ಮಾಡುತ್ತಾಳೆ. ಮೀನುಗಾರರು ವರ್ಷಕ್ಕೊಂದು ಯಂತ್ರವನ್ನು ದೋಣಿಯ ಮೇಲೆ ಏರಿಸುತ್ತ ಹೋಗುತ್ತಾರೆ. ಮೇಲೆ ಭಾರವಾದ ದೋಣಿ ಅಲೆಗೆ ವಾಲಿದರೆ ಮತ್ತೆ ನೆಟ್ಟಗಾಗುತ್ತದೋ, ಮಗುಚುತ್ತದೋ? ಅದನ್ನು ಹೇಳುವವಳು ಲೊರೆಟ್ಟಾ. ಕಬ್ಬಿಣದ ತೂಕಗಳನ್ನು ದೋಣಿಯ ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿಸಿ, ಒಳಗೆ ನೇತುಹಾಕಿದ ತೂಗುಗುಂಡು ಎಷ್ಟು ಸರಿಯಿತು ಎಂದು ಅಳೆಯುವುದು ಅವಳ ವಿದ್ಯೆ. ಎರಡು ವಾರದ ಹಿಂದೆ ಸಂದರ್ಶನಕ್ಕೆಂದು ಹೋದ ಕೊಲೀನ್‌ಳ ಕೈಗೆ ಅವಳು ಅಳತೆಪಟ್ಟಿ ಕೊಟ್ಟು ದೋಣಿಯ ಹೊಟ್ಟೆಯೊಳಗೆ ಇಳಿಸಿದ್ದಳು. ಕೊಲೀನ್ ಕೂಗಿ ಹೇಳಿದ ಒಂದೊಂದು ಅಂಕಿಯನ್ನೂ ತಾನೇ ಮಂಡಿಯೂರಿ ಎರಡೆರಡು ಸಲ ನೋಡಿದಳು. ಎಂಟಕ್ಕೆ ಎಂಟೂ ಸರಿಯಿದ್ದವು. ಆ ಕತ್ತಲೆಯಲ್ಲಿ, ಡೀಸೆಲ್ ವಾಸನೆಯಲ್ಲಿ, ದಾರದ ತುದಿಯ ಗುಂಡು ಮೆಲ್ಲಗೆ ಸರಿದು ನಿಂತದ್ದನ್ನು ನೋಡಿದಾಗ, ತಾನು ಮೂರು ವರ್ಷ ಓದಿದ್ದು ಇದಕ್ಕೇ ಎಂದು ಕೊಲೀನ್‌ಗೆ ಅನ್ನಿಸಿಬಿಟ್ಟಿತ್ತು.

ಹ್ಯಾಲಿಫ್ಯಾಕ್ಸ್‌ನ ಕೆಲಸವೆಂದರೆ ಕಂಪ್ಯೂಟರಿನ ಮುಂದೆ ಕೂತು ಹಡಗಿನ ಬಾಗಿಲುಗಳ ನಕ್ಷೆಗೆ ನಂಬರು ಹಾಕುವುದು. ಅದೂ ಕೆಲಸವೇ, ಯಾರಾದರೂ ಮಾಡಲೇಬೇಕು. ಆದರೆ ಆ ಯಾರಾದರೂ ತಾನಾಗುವುದು ಅವಳಿಗೆ ಬೇಡವಾಗಿತ್ತು.

ಕಷ್ಟವೆಂದರೆ ಲೊರೆಟ್ಟಾಳಿಂದ ಒಂದು ಅಕ್ಷರವೂ ಬಂದಿರಲಿಲ್ಲ. ಮಂಗಳವಾರದಿಂದ ಕೊಲೀನ್ ದಿನಕ್ಕೆ ಹತ್ತು ಸಲ ಫೋನು ಮಾಡಿದಳು. ಆಫೀಸು ಎನ್ನಿಸಿಕೊಂಡ ಮರದ ಶೆಡ್ಡಿನಲ್ಲಿ ಅದು ಹೊಡೆದುಕೊಂಡು ಹೊಡೆದುಕೊಂಡು ಸುಮ್ಮನಾಗುತ್ತಿತ್ತು. ಏಡಿ ಹಿಡಿಯುವ ಕಾಲ ಹತ್ತಿರ ಬಂದಿತ್ತು. ಊರಿನ ದೋಣಿಗಳೆಲ್ಲ ಪರೀಕ್ಷೆಗೆ ಸಾಲು ನಿಂತಿರುವಾಗ ಲೊರೆಟ್ಟಾ ದೋಣಿ ನಿಲ್ಲುವ ಧಕ್ಕೆ ಬಿಟ್ಟು ಬರುವವಳಲ್ಲ. ಮೊಬೈಲ್ ಅಲ್ಲಿ ಹಿಡಿಯುವುದಿಲ್ಲ. ಇಮೇಲನ್ನು ಅವಳು ತಿಂಗಳಿಗೊಮ್ಮೆ, ಹಲ್ಲಿನ ಡಾಕ್ಟರ ಹತ್ತಿರ ಹೋಗುವಷ್ಟೇ ಪ್ರೀತಿಯಿಂದ ತೆರೆಯುತ್ತಿದ್ದಳು.

ಬುಧವಾರ ಕೊಲೀನ್ ಹ್ಯಾಲಿಫ್ಯಾಕ್ಸ್‌ಗೆ ಫೋನು ಮಾಡಿ, ಇನ್ನೊಂದು ಕಡೆಯ ಉತ್ತರ ಬರಬೇಕಾಗಿದೆ, ಮೂರು ದಿನ ಹೆಚ್ಚು ಸಿಕ್ಕೀತೇ ಎಂದು ಕೇಳಿದ್ದಳು. ಅಲ್ಲಿನ ಮಿಸ್ ಮೆಕಾಸ್ಕಿಲ್ ಬಲು ಮರ್ಯಾದೆಯಿಂದ, ಆಗುವುದಿಲ್ಲ, ಒಬ್ಬರಿಗೆ ಸಡಿಲ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗುತ್ತದೆ ಎಂದಿದ್ದಳು. ಕಾಲೇಜಿನಲ್ಲಿ ಇಂಟರ್ನ್‌ಶಿಪ್ ನೋಡಿಕೊಳ್ಳುವ ಪೆನ್ನಿ ಸಾಹೇಬರ ಹತ್ತಿರ ಹೋದರೆ, ಅವರು ವರ್ಷವಿಡೀ ಪಾಠದಲ್ಲಿ ಹೇಳಿದ್ದನ್ನೇ ಮತ್ತೆ ಹೇಳಿದರು. ಕಾಗದದ ಮೇಲೆ ಇರುವುದಷ್ಟೇ ಆಫರು, ಉಳಿದದ್ದೆಲ್ಲ ಗಾಳಿಮಾತು.

ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ಕೊಲೀನ್ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದಳು. ಜೊತೆಯಲ್ಲಿ ಮನೆ ಹಂಚಿಕೊಂಡಿದ್ದ ಸಹಪಾಠಿ ಪೆಟ್ರಾ ನೋಸ್‌ವರ್ದಿ ಬ್ರೆಡ್ಡಿನ ಮೇಲೆ ಕಾಕಂಬಿ ಸುರಿದುಕೊಂಡು ತಿನ್ನುತ್ತಿದ್ದಳು. ಪೆಟ್ರಾ ಆರು ಕಡೆ ಸಂದರ್ಶನಕ್ಕೆ ಹೋಗಿ ಬಂದಿದ್ದಳು, ಹ್ಯಾಲಿಫ್ಯಾಕ್ಸ್ ಕಂಪನಿಗೂ. ಎಲ್ಲಿಂದಲೂ ಉತ್ತರವಿರಲಿಲ್ಲ. ಕೈ ಖಾಲಿಯಿದ್ದರೂ ಬಾಯಿ ಖಾಲಿಯಿರಲಿಲ್ಲ.

"ಲೇ, ಇಷ್ಟು ಸುಲಭದ್ದಕ್ಕೆ ಯಾಕೆ ಒದ್ದಾಡ್ತೀಯ? ಈಗ ಹ್ಯಾಲಿಫ್ಯಾಕ್ಸ್‌ಗೆ ಹೂಂ ಅನ್ನು. ನಾಳೆ ನಿನ್ನ ಲೊರೆಟ್ಟಾ ಕರೆದ್ರೆ, ಅಜ್ಜಿಗೆ ಹುಷಾರಿಲ್ಲ, ಬರಕ್ಕಾಗಲ್ಲ ಅಂತ ಇವರಿಗೆ ಬರೆದು ಹಾಕು. ಅವರೇನು ಬಂದು ನಿಮ್ಮಜ್ಜಿ ನಾಡಿ ಹಿಡಿದು ನೋಡ್ತಾರಾ?"

"ಮಾತು ಕೊಟ್ಟು ತಪ್ಪಿದ ಹಾಗಾಗಲ್ವೇನೇ?"

"ಕಂಪನಿಗೆ ಕೊಟ್ಟ ಮಾತು ಕಣೇ, ಮನುಷ್ಯರಿಗಲ್ಲ."

ಕೊಲೀನ್‌ಗೆ ಅದು ಸರಿಯೆನಿಸಲಿಲ್ಲ. ತಪ್ಪೆಂದು ವಾದಿಸುವುದಕ್ಕೂ ತಲೆ ಓಡಲಿಲ್ಲ. ಹೂಂ ಅಂದರೆ ನಾಲ್ಕು ತಿಂಗಳು ಬಾಗಿಲುಗಳು. ಊಹೂಂ ಅಂದು ಲೊರೆಟ್ಟಾಳೂ ಕೈಬಿಟ್ಟರೆ ಒಂದು ವರ್ಷವೇ ನೀರುಪಾಲು. ಮೂರೂವರೆಗೆ ಮತ್ತೊಮ್ಮೆ ಕೆಟಲ್ ಕೋವ್‌ಗೆ ಫೋನು ಮಾಡಿದಳು. ಇಪ್ಪತ್ತು ಸಲ ಹೊಡೆದುಕೊಂಡಿತು. ಅವಳಿಗೆ ಅಳು ಬಂತು. ಅಳು ಬಂದಾಗ ಯಾರಿಗೆ ಮಾಡುತ್ತಿದ್ದಳೋ ಅವರಿಗೇ ಆಮೇಲೆ ಫೋನು ಮಾಡಿದಳು.

ಅವಳಜ್ಜಿ ಫಿಲೊಮಿನಾ ಇರುವುದು ದಕ್ಷಿಣದ ಕರಾವಳಿಯಲ್ಲಿ. ಗಂಡ, ಭಾವ, ಮೈದುನರೆಲ್ಲ ಕಡಲಿಗೆ ಹೋದವರು. ಕೊಲೀನ್ ಎಲ್ಲವನ್ನೂ ಹೇಳಿಕೊಂಡಳು, ಪೆಟ್ರಾಳ ಉಪಾಯವನ್ನೂ ಸೇರಿಸಿ.

"ನನ್ನ ಯಾಕಮ್ಮ ಹಾಸಿಗೆ ಹಿಡಿಸ್ತೀರ, ನಾನು ಇಲ್ಲಿ ಹಿಮ ಗುಡಿಸ್ತಾ ಇದೀನಿ," ಎಂದಳು ಅಜ್ಜಿ. "ಎರಡು ದೋಣಿ ಮೇಲೆ ಕಾಲಿಡಬೇಡ ಅಂತ ಬೇರೆಯವರು ಗಾದೆ ಹೇಳ್ತಾರೆ. ನಮ್ಮೂರಲ್ಲಿ ಇಟ್ಟು ಬಿದ್ದವರನ್ನೇ ನಾನು ನೋಡಿದೀನಿ. ಅದಿರಲಿ, ಆ ಲೊರೆಟ್ಟಾ ನಿನ್ನ ಏನೇನು ಕೇಳಿದ್ಲು? ಸರಿಯಾಗಿ ನೆನಪು ಮಾಡ್ಕೊಂಡು ಹೇಳು."

ಕೇಳಿದ್ದೇನೂ ಹೆಚ್ಚಿರಲಿಲ್ಲ. ಪೆನ್ನಿ ಸಾಹೇಬರು ಕಲಿಸಿದ ಹಾಗೆ ಕೊಲೀನ್ ಕೋಟು ಹಾಕಿಕೊಂಡು, ತನ್ನ ಬಲಗಳೇನು, ಕೊರತೆಗಳೇನು ಎಂದು ಬಾಯಿಪಾಠ ಮಾಡಿಕೊಂಡು ಹೋಗಿದ್ದಳು. ಅದನ್ನು ಯಾರೂ ಕೇಳಲಿಲ್ಲ. ದೋಣಿಯ ಹೊಟ್ಟೆಯಿಂದ ಮೇಲೆ ಹತ್ತಿ ಬಂದ ನಂತರ ಲೊರೆಟ್ಟಾ ಅವಳನ್ನು ಮನೆಯ ಅಡುಗೆಕೋಣೆಗೆ ಕರೆದು, ಬಟಾಣಿ ಸೂಪು ಬಡಿಸಿ, ನೀನು ಯಾವ ಟಿಜಾರ್ಡರ ಪೈಕಿ ಎಂದಳು. ಅಲೆಗೆ ವಾಂತಿಯಾಗುತ್ತದೆಯೇ ಎಂದಳು. ಇನ್ನೊಂದು ಸೌಟು ಹಾಕಿದಳು.

"ಆಮೇಲೆ?"

"ಆಮೇಲೇನಿಲ್ಲ ಅಜ್ಜಿ. ಕಾಲಿನ ಅಳತೆ ಎಷ್ಟು ಅಂದ್ರು. ಏಳು ಅಂದೆ. ಗೋಡೆ ಮೇಲಿದ್ದ ಕ್ಯಾಲೆಂಡರಿನಲ್ಲಿ ಬರ್ಕೊಂಡ್ರು. ನಾನು ವ್ಯಾನು ಹತ್ತಿ ಬಂದೆ."

ಫೋನಿನ ಆ ಕಡೆ ಪೊರಕೆ ಕೆಳಗೆ ಬಿದ್ದ ಸದ್ದಾಯಿತು. ಅಜ್ಜಿ ನಕ್ಕಳು. ಒಂದು ನಿಮಿಷ ಬಿಡದೆ ನಕ್ಕಳು.

"ಅಯ್ಯೋ ನನ್ನ ಪೆದ್ದು ಬಂಗಾರವೇ, ಬೂಟಿನ ಅಳತೆ ತಗೊಂಡ್ಲಾ? ಮತ್ತೆ ಇನ್ನೇನು ತೊಟ್ಟಿಲು ಕಟ್ಟಿ ತೂಗಬೇಕಿತ್ತಾ ನಿನ್ನ? ನಿನ್ನ ತಾತನ್ನ ದೋಣಿಗೆ ಸೇರಿಸ್ಕೊಂಡಾಗ ಯಾರು ಕಾಗದ ಬರೆದಿದ್ರು? ಯಜಮಾನ ಮನೆಗೆ ಕರೆದು ಊಟ ಹಾಕಿ ಕಾಲಿನ ಅಳತೆ ಕೇಳ್ದ. ಅಲ್ಲಿಗೆ ಮುಗೀತು. ಬೂಟು ಕೊಡೋದು ಯಜಮಾನನ ಜವಾಬ್ದಾರಿ. ಕೆಲಸಕ್ಕೆ ಬೇಡದವರ ಕಾಲಿನ ಸುದ್ದಿ ಯಾರಿಗೆ ಬೇಕು?"

ಕೊಲೀನ್ ಗೋಡೆಗೆ ಒರಗಿದಳು. ಇದು ತನಗೆ ಗೊತ್ತಿದ್ದ ಸಂಗತಿಯೇ. ಚಿಕ್ಕವಳಿದ್ದಾಗ ತಾತನ ಬಾಯಲ್ಲಿ ನೂರು ಸಲ ಕೇಳಿದ ಕಥೆ. ಮೂರು ವರ್ಷ ಆಫರ್ ಪತ್ರ, ಸಹಿ, ಮೊಹರು ಎಂದು ಕೇಳಿ ಕೇಳಿ, ಸೂಪಿನ ಬಟ್ಟಲಿನ ಪಕ್ಕದಲ್ಲೇ ಸಿಕ್ಕಿದ ಕೆಲಸ ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಅವಳಿಗೆ ನಾಚಿಕೆಯಾಯಿತು. ಆಮೇಲೆ ಹೆದರಿಕೆಯಾಯಿತು. ಲೊರೆಟ್ಟಾ ಸುಮ್ಮನೆ ಮಾತಿಗೆ ಕೇಳಿದ್ದಾದರೆ?

ಸುದ್ದಿ ಕೇಳಿದ ಪೆಟ್ರಾ ಕಾಕಂಬಿಯ ಬೆರಳನ್ನು ಚೀಪುವುದನ್ನೂ ಮರೆತಳು. ಒಂದು ಜೊತೆ ಬೂಟನ್ನು ನಂಬಿಕೊಂಡು ಕಂಪನಿಯ ಪತ್ರವನ್ನು ಬಿಡುವವರುಂಟೇ, ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಬುದ್ಧಿ ಇದು ಎಂದು ರೇಗಿದಳು. ಅವಳ ಮಾತಿನಲ್ಲಿ ಹುರುಳಿತ್ತು. ಕಾಗದ ಟೀ ಡಬ್ಬಿಯ ಕೆಳಗಿತ್ತು, ಬೂಟು ಎಲ್ಲಿತ್ತೋ ಯಾರಿಗೆ ಗೊತ್ತು.

ನಾಲ್ಕು ಹೊಡೆಯಿತು. ಕೊಲೀನ್ ಎದ್ದು ಮುಖ ತೊಳೆದಳು. ಮತ್ತೆ ಕೂತಳು. ನಾಲ್ಕೂಕಾಲಿನ ತನಕ ಅವಳು ಯೋಚಿಸಿದ್ದು ಒಂದನ್ನೇ. ಲೊರೆಟ್ಟಾ ತನ್ನ ಅಂಕಿಗಳನ್ನು ಎರಡೆರಡು ಸಲ ನೋಡಿದವಳು. ಸುಮ್ಮನೆ ಒಂದು ಅಂಕಿಯನ್ನು ಕೇಳಿ ಗೋಡೆಯ ಮೇಲೆ ಬರೆದಿಡುವ ಹೆಂಗಸಲ್ಲ ಅವಳು.

ನಾಲ್ಕು ಇಪ್ಪತ್ತಕ್ಕೆ ಹ್ಯಾಲಿಫ್ಯಾಕ್ಸ್‌ಗೆ ಫೋನು ಮಾಡಿದಳು. ಆಫರಿಗೆ ಕೃತಜ್ಞಳಾಗಿದ್ದೇನೆ, ಆದರೆ ಒಪ್ಪಿಕೊಳ್ಳಲಾರೆ ಎಂದಳು.

"ಹಾಗಾದ್ರೆ ಇನ್ನೊಂದು ಕಡೆಯ ಪತ್ರ ಬಂತಾ?" ಎಂದಳು ಮಿಸ್ ಮೆಕಾಸ್ಕಿಲ್.

"ಪತ್ರ ಬಂದಿಲ್ಲ. ಅವರ ಮಾತಿದೆ."

ಆ ಕಡೆ ಮಿಸ್ ಮೆಕಾಸ್ಕಿಲ್ ಹಾಳೆ ತಿರುವಿದ ಸದ್ದಾಯಿತು.

"ಹೋದ ವರ್ಷ ಮೂರು ಜನ ಒಪ್ಪಿಕೊಂಡು ಕೊನೆ ವಾರದಲ್ಲಿ ಕೈಕೊಟ್ರು ನಮಗೆ. ಮೂವರ ಅಜ್ಜಿಗೂ ಒಟ್ಟಿಗೇ ಹುಷಾರು ತಪ್ಪಿತ್ತು. ನೀವು ಹತ್ತು ನಿಮಿಷ ಮುಂಚೆ ನೆಟ್ಟಗೆ ಹೇಳಿದ್ರಿ. ಇದರಿಂದ ಪಟ್ಟಿಯಲ್ಲಿ ಮುಂದಿರೋ ಹೆಸರಿಗೆ ನಾನು ಇವತ್ತೇ ಫೋನ್ ಮಾಡಬಹುದು. ಮುಂದಿನ ವರ್ಷ ನಮ್ಮನ್ನ ಮರೀಬೇಡಿ, ಕೊಲೀನ್."

ಕೊಲೀನ್ ಫೋನಿಟ್ಟಳು. ಪೆಟ್ರಾ ಅವಳನ್ನು ಹುಚ್ಚಿಯನ್ನು ನೋಡುವ ಹಾಗೆ ನೋಡಿ, ಬೈಯುವ ಬದಲು ಟೀಗೆ ನೀರಿಟ್ಟಳು. ನೀರು ಕುದಿಯುವ ಮುಂಚೆ ಪೆಟ್ರಾಳ ಮೊಬೈಲು ಹೊಡೆದುಕೊಂಡಿತು. ಹಲೋ ಎಂದವಳು ಹೌದು ಎಂದಳು. ಮತ್ತೆ ಹೌದು ಎಂದಳು. ಮೂರನೇ ಹೌದಿಗೆ ಅಲ್ಲೇ ನೆಲದ ಮೇಲೆ ಕುಸಿದು ಕೂತಳು. ಪಟ್ಟಿಯಲ್ಲಿ ಮುಂದಿದ್ದ ಹೆಸರು ಪೆಟ್ರಾ ನೋಸ್‌ವರ್ದಿ.

ಕೊಲೀನ್‌ಗೆ ನಗು ತಡೆಯಲಾಗಲಿಲ್ಲ. "ನಿನ್ನ ಉಪಾಯ ಕೇಳಿದ್ದಿದ್ರೆ ನಿನ್ನ ಕೆಲಸಾನ ನಾನೇ ತಿಂದು ಹಾಕ್ತಿದ್ದೆ ಕಣೇ. ಕಂಪನಿಗೆ ಕೊಟ್ಟ ಮಾತು, ಮನುಷ್ಯರಿಗಲ್ಲ ಅಂದ್ಯಲ್ಲ? ಈ ಮನುಷ್ಯಳು ಯಾರಮ್ಮ, ನೆಲದ ಮೇಲೆ ಕೂತಿರೋಳು?"

ಪೆಟ್ರಾ ಎದ್ದಳು. ಅಳುತ್ತ, ನಗುತ್ತ, ಕಾಕಂಬಿಯ ಕೈಯಲ್ಲೇ ಗೆಳತಿಯನ್ನು ತಬ್ಬಿಕೊಂಡಳು. ಕೊಲೀನ್‌ಳ ಕೂದಲು ಅಂಟಂಟಾಯಿತು, ಅವಳು ಬೇಸರಪಡಲಿಲ್ಲ.

ಆದರೆ ಗೆದ್ದವಳು ಇನ್ನೂ ಪೆಟ್ರಾ ಮಾತ್ರ. ಶನಿವಾರ ಬೆಳಿಗ್ಗೆ ಮೊದಲ ವ್ಯಾನು ಹಿಡಿದು ಕೊಲೀನ್ ಕೆಟಲ್ ಕೋವ್‌ಗೆ ಹೊರಟಳು. ಮೂರು ಗಂಟೆಯ ದಾರಿ, ಉದ್ದಕ್ಕೂ ಮಂಜು. ಡ್ರೈವರು ತನ್ನ ಮೊಣಕಾಲಿನ ನೋವಿನ ಕಥೆ ಹೇಳುತ್ತಿದ್ದ, ಇವಳು ಹೂಂಗುಟ್ಟುತ್ತಿದ್ದಳು, ಒಂದೂ ತಲೆಗೆ ಹೋಗಲಿಲ್ಲ. ಲೊರೆಟ್ಟಾ ಬಾಗಿಲು ತೆರೆದು, ಯಾರಮ್ಮ ನೀನು ಎಂದುಬಿಟ್ಟರೆ ಇದೇ ವ್ಯಾನಿನಲ್ಲಿ ವಾಪಸು ಬರಬೇಕು, ಆಗ ಈ ಮೊಣಕಾಲಿನ ಕಥೆಯ ಉತ್ತರಾರ್ಧ ಕೇಳಬೇಕು ಎಂದುಕೊಂಡಳು.

ಬಾಗಿಲು ತಟ್ಟುವ ಅಗತ್ಯ ಬರಲಿಲ್ಲ. ಲೊರೆಟ್ಟಾ ಹೊರಗಿನ ಮೆಟ್ಟಿಲ ಮೇಲೇ ಕೂತು ಹಗ್ಗದ ಗಂಟು ಬಿಡಿಸುತ್ತಿದ್ದಳು. ಕೊಲೀನ್‌ಳನ್ನು ಕಂಡು ಎದ್ದಳು.

"ಬಂದ್ಯಾ ಮಗಳೇ? ಮೇ ತಿಂಗಳು ಅಂದುಕೊಂಡಿದ್ದೆ. ಬೇಗ ಬಂದಿದ್ದು ಒಳ್ಳೇದೇ ಆಯ್ತು."

ಕೊಲೀನ್ ಬಾಯಿಪಾಠ ಮಾಡಿಕೊಂಡು ಬಂದ ವಾಕ್ಯವನ್ನೇ ಮರೆತಳು. ಬಾಗಿಲ ಹಿಂದಿನ ಹಲಗೆಯ ಮೇಲೆ ನಾಲ್ಕು ಜೊತೆ ಹಳೆಯ ಬೂಟುಗಳಿದ್ದವು. ಐದನೆಯದು ಹೊಚ್ಚ ಹೊಸದು, ಕಪ್ಪು ರಬ್ಬರು, ಏಳನೇ ನಂಬರು. ಮೇಲೆ ಬಿಳಿ ಬಣ್ಣದಲ್ಲಿ ಟಿಜಾರ್ಡ್ ಎಂದು ಬರೆದಿತ್ತು. ಅಕ್ಷರದ ಮೇಲೆ ಆಗಲೇ ಧೂಳು ಕೂತಿತ್ತು.

"ಎರಡು ವಾರದಿಂದ ಇಲ್ಲೇ ನಿಂತಿವೆ," ಎಂದಳು ಲೊರೆಟ್ಟಾ. "ನಿಮ್ಮ ಕಾಲೇಜಿನವರು ಏನೋ ಒಂದು ಕಾಗದ ಕಳಿಸಿದ್ರು. ಅವತ್ತೇ ಸಹಿ ಹಾಕಿ ಬ್ರೆಡ್ಡಿನ ಡಬ್ಬಿ ಮೇಲಿಟ್ಟಿದೀನಿ. ನೀನೇ ಬರೋವಾಗ ಅಂಚೆಗೆ ಯಾಕೆ ಹಾಕಲಿ ಅಂತ. ಹೋಗುವಾಗ ತಗೊಂಡು ಹೋಗು. ಯಾಕಮ್ಮ, ಕಣ್ಣಲ್ಲಿ ನೀರು?"

"ಚಳಿಗಾಳಿ," ಎಂದಳು ಕೊಲೀನ್.

ಲೊರೆಟ್ಟಾ ನಂಬಲಿಲ್ಲ, ಕೆದಕಲೂ ಇಲ್ಲ. ಧಕ್ಕೆಯಲ್ಲಿ ದೋಣಿಯೊಂದು ಕಾಯುತ್ತಿದೆ, ಬೂಟು ಹಾಕಿಕೋ ಎಂದಷ್ಟೇ ಹೇಳಿ ಮುಂದೆ ನಡೆದಳು. ಬೂಟುಗಳು ಕೊಲೀನ್‌ಳ ಕಾಲಿಗೆ ಹೇಳಿ ಮಾಡಿಸಿದಂತೆ ಕೂತವು. ಹೊಸ ರಬ್ಬರು ಹೆಜ್ಜೆಹೆಜ್ಜೆಗೂ ಕಿರ್ ಎನ್ನುತ್ತಿತ್ತು. ಧಕ್ಕೆಯಲ್ಲಿದ್ದ ಇಬ್ಬರು ಮೀನುಗಾರರು ಆ ಸದ್ದಿಗೆ ತಿರುಗಿ ನೋಡಿ, ಬೂಟಿನ ಮೇಲಿನ ಹೆಸರು ಓದಿ, ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಅವಳು ದೋಣಿಯ ಹೊಟ್ಟೆಗಿಳಿದಳು. ಮೇಲೆ ಕಬ್ಬಿಣದ ತೂಕಗಳು ಎಡದಿಂದ ಬಲಕ್ಕೆ ಸರಿದವು. ದೋಣಿ ಮೆಲ್ಲಗೆ ವಾಲಿತು. ತೂಗುಗುಂಡು ಸರಿದು, ತೂಗಿ, ನಿಂತಿತು. ಕೊಲೀನ್ ಉಸಿರು ಹಿಡಿದು ಪಟ್ಟಿಯನ್ನು ಓದಿದಳು.

"ಮೂವತ್ತೊಂದು ಮಿಲಿಮೀಟರ್," ಎಂದು ಮೇಲಕ್ಕೆ ಕೂಗಿದಳು.

ಹೋದ ಸಲದಂತೆ ಲೊರೆಟ್ಟಾ ತಾನೇ ನೋಡಲು ಇಳಿದು ಬರುತ್ತಾಳೆ ಎಂದು ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. ಯಾರೂ ಇಳಿಯಲಿಲ್ಲ. ಮೇಲಿನಿಂದ ಕಾಗದದ ಮೇಲೆ ಪೆನ್ಸಿಲು ಗೀಚಿದ ಸದ್ದು ಕೇಳಿಸಿತು.

"ಮೂವತ್ತೊಂದು," ಎಂದಳು ಲೊರೆಟ್ಟಾ. "ಬರ್ಕೊಂಡೆ. ಮುಂದಿನದು ಹೇಳು."