ಎರಡಳತೆಯ ಸರದಾರ

ಸೊಲ್ಲಾಪುರದ ನವಿ ಪೇಠದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಸಾತಲಿಂಗಪ್ಪನವರಂಥ ಜೀನ ಇನ್ನೊಬ್ಬನಿರಲಿಲ್ಲ. ಆ ಜೀನ ಕುದುರೆಯ ಜೀನಿನ ಮೇಲೆ ಕುಳಿತದ್ದು, ಅಕ್ಕಲಕೋಟ ಸಂಸ್ಥಾನ ಮುಂಬಯಿ ರಾಜ್ಯದಲ್ಲಿ ಕರಗಿದ ಮೇಲೆ. ಲಾಯದ ಕುದುರೆಗಳನ್ನು ಮಾರುತ್ತಿದ್ದಾರೆಂದು ತಿಳಿದು ಹೋದವರು, ಸೀರೆ ಆರಿಸುವ ಹಾಗೆ ಬಣ್ಣ ನೋಡಿ, ಮೈನಾ ಎಂಬ ಕಂದು ಹೆಣ್ಣುಕುದುರೆಯನ್ನು ಹಿಡಿದುಕೊಂಡು ಬಂದರು. ಅದರ ಬೆನ್ನಿಗೆ ಪೀರಪ್ಪನೂ ಬಂದ. ಇಪ್ಪತ್ತು ವರ್ಷ ಆ ಲಾಯದಲ್ಲಿ ದುಡಿದವನು, ಮೈನಾ ಹುಟ್ಟಿದಾಗ ಅದನ್ನು ಕೈಯಲ್ಲಿ ಹಿಡಿದವನು. ಅವನನ್ನು ಯಾರೂ ಕೊಂಡಿರಲಿಲ್ಲ, ಸುಮ್ಮನೆ ಬಂದ. ಸುಮ್ಮನೆ ಬಂದದ್ದನ್ನು ಸಾಹುಕಾರರು ಯಾವತ್ತೂ ಬಿಟ್ಟವರಲ್ಲ.

ಕುದುರೆ ಏರಿದ ಮೂರನೆಯ ದಿನಕ್ಕೆ ಅವರ ತಲೆಗೂ ಏನೋ ಏರಿತು. ಇನ್ನು ಮುಂದೆ ತಾವು ವ್ಯಾಪಾರಿಯಲ್ಲ, ಸರದಾರ. ದಿನಾ ಸಂಜೆ ವಿಜಾಪುರ ರಸ್ತೆಯಲ್ಲಿ ಸವಾರಿ. ಎದುರಿಗೆ ಬಂದವರು ನಮಸ್ಕಾರ ಮಾಡದಿದ್ದರೆ ಕುದುರೆ ತಿರುಗಿಸಿ ಇನ್ನೊಮ್ಮೆ ಎದುರಿಗೆ ಬರುತ್ತಿದ್ದರು.

ಐವತ್ತೊಂದರ ಚಳಿಗಾಲದಲ್ಲಿ ಅಕ್ಕಲಕೋಟದ ಬಯಲಿನಲ್ಲಿ ಮೂರು ಬೇಲಿ ಹಾರುವ ಕುದುರೆ ಜಿಗಿತದ ಪಂದ್ಯ ಎಂದು ಡಂಗುರವಾಯಿತು. ಸಾಹುಕಾರರು ಹೆಸರು ಕೊಟ್ಟೇಬಿಟ್ಟರು.

"ಬೀಳೂದಿದ್ದರ ಮನ್ಯಾಗ ಬೀಳ್ರಿ," ಎಂದರು ಹೆಂಡತಿ ಕಸ್ತೂರಬಾಯಿ. "ಅಲ್ಲೀತನಕ ಟಿಕೀಟ ತಗಿಸಿಕೊಂಡು ಹೋಗಿ ಬೀಳೂದ್ಯಾಕ?"

ಸಾಹುಕಾರರು ಪೀರಪ್ಪನ ಕಡೆ ತಿರುಗಿ, "ಗೆದ್ದರ ಮೈನಾ ನಮ್ಮ ಲಾಯದಾಗ ಇರ್ತೈತಿ. ಸೋತರ ಹೋಟಗಿ ಸ್ಟೇಶನ್ನಿನ ಕಲ್ಲಣ್ಣನ ತಾಂಗಾಕ್ಕ ಕೊಟ್ಟು ಬಿಡ್ತೀನಿ. ದಾಣಿ ತಿಂದು ಸೋಲೂ ಕುದರಿ ನನಗ ಬ್ಯಾಡ," ಎಂದರು.

ಹೋಟಗಿಯ ತಾಂಗಾ ಕುದುರೆಗಳನ್ನು ಪೀರಪ್ಪ ನೋಡಿದ್ದ. ಆರು ಜನರನ್ನೂ ಅವರ ಟ್ರಂಕುಗಳನ್ನೂ ಎಳೆದು ಎಳೆದು ಅವುಗಳ ಮೊಣಕಾಲು ಒಡೆದಿದ್ದವು, ಕತ್ತಿನ ಚರ್ಮ ಕಿತ್ತಿತ್ತು. ಅವನು ಆ ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ. ಮೈನಾ ಉಳಿಯಬೇಕಾದರೆ ಈ ಮನುಷ್ಯನನ್ನು ಮೂರು ಬೇಲಿ ದಾಟಿಸಬೇಕು.

ಮರುದಿನದಿಂದ ಮನೆಯ ಹಿಂದೆ ಬಿದಿರು ಕಟ್ಟಿ ಕಲಿಸತೊಡಗಿದ. ಮೊದಲು ಸರಿಮಾಡಬೇಕಾದದ್ದು ರಿಕಾಬು, ಸವಾರ ಪಾದ ಊರುವ ಕಬ್ಬಿಣದ ಬಳೆ. ಅದು ಚರ್ಮದ ಪಟ್ಟಿಯಲ್ಲಿ ಜೋತಿರುತ್ತದೆ, ಪಟ್ಟಿಯ ತೂತುಗಳಲ್ಲಿ ಮೇಲೆ ಕೆಳಗೆ ಮಾಡಬಹುದು. ಪೀರಪ್ಪ ನಾಲ್ಕು ತೂತು ಮೇಲೆ ಏರಿಸಿದ. ಸಾಹುಕಾರರ ಮೊಣಕಾಲು ಮಡಚಿಕೊಂಡವು.

"ಏನಲೇ ಇದು? ತಂಬಿಗಿ ತಗೊಂಡು ಕೆರಿಕಡಿಗೆ ಕುಂತಂಗ ಕುಂಡ್ರಿಸಿದಿ."

"ಸಾವ್ಕಾರ್ರ, ಜಿಗಿಯೂ ಮುಂದ ಕುದರಿ ಬೆನ್ನ ಮ್ಯಾಲೇಳ್ತೈತಿ. ನೀವು ರಿಕಾಬ ಒತ್ತಿ, ಜೀನ ಬಿಟ್ಟು ಒಂದೀಟು ಎದ್ದು ಮುಂದ ಬಾಗಬೇಕು. ಪಟ್ಟಿ ಉದ್ದ ಇದ್ದರ ಏಳಾಕ ಆಗೂದಿಲ್ಲ. ಲಗಾಮಕ್ಕ ಜೋತ ಬೀಳ್ತೀರಿ. ಅದರ ಬಾಯಿ ಹರೀತೈತಿ."

"ನನ್ನ ಮದವಿ ವರಾತಿನಾಗ ಕುದರಿ ಮ್ಯಾಲ ಹೆಂಗ ಕುಂತಿದ್ದೆ ಗೊತ್ತೈತೇನು? ಕಾಲು ಎರಡೂ ನೆಟ್ಟಗ. ಮಂದಿ ನೋಡತಿದ್ದರು."

"ವರಾತಿನ ಕುದರಿ ಜಿಗೀತಿತ್ತೇನ್ರಿ?"

"ನೀ ಭಾಳ ಮಾತಾಡ್ತಿ ಪೀರಪ್ಪಾ."

ಸಾಹುಕಾರರು ಪಟ್ಟಿಯನ್ನು ಪೂರ್ತಿ ಕೆಳಗಿಳಿಸಿದರು. ಗಿರಾಕಿಗೆ ಬಟ್ಟೆ ಅಳೆಯುವಾಗ ನಾಲ್ಕು ಬೆರಳು ಕಡಿಮೆ ಹಿಡಿಯುವ ಕೈ, ಇಲ್ಲಿ ಮಾತ್ರ ಧಾರಾಳವಾಯಿತು. ಹದಿನೈದು ದಿನ ಇದೇ ನಡೆಯಿತು. ಇವನು ಏರಿಸುವುದು, ಅವರು ಇಳಿಸುವುದು. ಬಿದಿರಿನ ಹತ್ತಿರ ಬಂದಾಗ ಸಾಹುಕಾರರು ಏನಾದರೂ ಹಾರಿಕೆ ಮಾತು ಹೇಳಿ ಪಕ್ಕಕ್ಕೆ ಹೊರಳುತ್ತಿದ್ದರು. ಅಷ್ಟು ದಿನದಲ್ಲಿ ಹಾರಿದ್ದು ಆ ಮಾತೊಂದೇ.

ಪಂದ್ಯದ ಬೆಳಿಗ್ಗೆ ಅಕ್ಕಲಕೋಟದ ಬಯಲಿನಲ್ಲಿ ಮುಳ್ಳುಕಂಟಿಯ ಮೂರು ಬೇಲಿ ಹಾಕಿದ್ದರು. ಜನರೆಲ್ಲ ಎಡಗಡೆ ಕುಳಿತಿದ್ದರು. ಸಾಹುಕಾರರು ಸೊಲ್ಲಾಪುರದಿಂದ ಕರೆತಂದ ಫೋಟೋದವನೂ ಎಡಗಡೆಯೇ ಮೂರು ಕಾಲಿನ ಕ್ಯಾಮೆರಾ ನಿಲ್ಲಿಸಿದ್ದ. ಸೋತರೆ ಅಲ್ಲಿಂದಲೇ ಕುದುರೆ ಹೊಡೆದುಕೊಂಡು ಹೋಗಲು ಕಲ್ಲಣ್ಣ ಹಗ್ಗ ಹಿಡಿದು ಬಂದಿದ್ದ.

ಹಗ್ಗ ನೋಡಿದ ಪೀರಪ್ಪ ಸಾಹುಕಾರರ ಕಾಲು ಹಿಡಿದ. "ಇವತ್ತೊಂದ ದಿನ ನನ್ನ ಮಾತ ಕೇಳ್ರಿ. ನಾಕು ತೂತು ಬ್ಯಾಡ, ಮೂರಾದರೂ ಏರಸ್ರಿ."

ಸಾಹುಕಾರರ ಮುಖದಲ್ಲಿ ಅಂಗಡಿಯ ಕಳೆ ಬಂತು. ಚೌಕಾಸಿ ಎಂದರೆ ಅವರಿಗೆ ಪೂಜೆಗಿಂತ ಹೆಚ್ಚು. ಎಂಥ ಜಗಳವನ್ನೂ ಅವರು ಒಂದೇ ರೀತಿ ತೀರಿಸುತ್ತಿದ್ದರು: ಅರ್ಧ ನಿನ್ನದು, ಅರ್ಧ ನನ್ನದು.

"ಆತು. ನಿನ್ನ ಮಾತೂ ಉಳೀಲಿ, ನನ್ನ ಮಾತೂ ಉಳೀಲಿ. ಬಲಕಿಂದು ನೀ ಎಷ್ಟ ಬೇಕಾದರೂ ಏರಸು, ಅಲ್ಲಿ ನೋಡವರು ಯಾರೂ ಇಲ್ಲ. ಎಡಕಿಂದು ಮುಟ್ಟಬ್ಯಾಡ."

"ಸಾವ್ಕಾರ್ರ, ಇದು ಸೀರಿ ದಡಿ ಅಲ್ರಿ, ಒಂದ ಕಡೆ ಇದ್ದರ ನಡ್ಯಾಕ."

"ಬಸ್. ಫೈಸಲಾ ಆತು."

ಹೀಗೆ ಸರದಾರರು ಬಲಗಾಲನ್ನು ಕೋಳಿಯಂತೆ ಮಡಚಿಕೊಂಡು, ಎಡಗಾಲನ್ನು ಗಜಕಡ್ಡಿಯಂತೆ ಇಳಿಬಿಟ್ಟು ಹೊರಟರು. ಎಡಗಡೆಯಿಂದ ನೋಡಿದವರಿಗೆ ಮದುಮಗ. ಬಲಗಡೆ ನಿಂತಿದ್ದ ಎಮ್ಮೆಯೊಂದಕ್ಕೆ ಮಾತ್ರ ಪೂರ್ತಿ ಸತ್ಯ ಕಾಣಿಸಿತು. ಅದು ಮೇಯುವುದನ್ನು ನಿಲ್ಲಿಸಿ ನೋಡಿತು.

ಮೊದಲನೆಯ ಬೇಲಿಯ ಮುಂದೆ ಮೈನಾ ಕಿವಿ ಚೂಪು ಮಾಡಿತು, ಮೈ ಕೂಡಿಸಿತು, ಎದ್ದಿತು. ಸಾಹುಕಾರರೂ ಏಳಲು ಹೋದರು. ಬಲಗಾಲು ಎದ್ದಿತು, ಎಡಗಾಲು ಏಳಲಿಲ್ಲ. ಅರ್ಧ ಎದ್ದವರು ಪೂರ್ತಿ ಎಡಕ್ಕೆ ಉರುಳಿ, ಜನರ ಎದುರಿಗೇ, ಮುಳ್ಳುಕಂಟಿಯ ಮೇಲೆ ಕುಳಿತುಬಿಟ್ಟರು. ಹೊರೆ ಇಳಿದ ಮೈನಾ ನಿಲ್ಲಲಿಲ್ಲ. ಎರಡನೆಯದನ್ನೂ ಹಾರಿತು, ಮೂರನೆಯದನ್ನೂ ಹಾರಿತು. ಅಷ್ಟಕ್ಕೂ ಸಾಲದೆ, ಬಯಲಿನ ಅಂಚಿನಲ್ಲಿ ನಿಂತಿದ್ದ ಖಾಲಿ ಎತ್ತಿನಗಾಡಿಯ ಮೂಕಿಯನ್ನೂ ಹಾರಿ, ಆಚೆ ಹೋಗಿ ನಿಂತು ಸೀನಿತು.

ಸವಾರನಿಲ್ಲದ ಜಿಗಿತ ಲೆಕ್ಕಕ್ಕಿಲ್ಲ ಎಂದು ಪಂಚರು ಹೇಳಿದರು. ಪೀರಪ್ಪ ಹೋಗಿ ಕುದುರೆಯ ಲಗಾಮು ಹಿಡಿದುಕೊಂಡು ಬಂದ. ಸಾಹುಕಾರರು ನಿಂತಲ್ಲೇ, ಕೂರಲಾಗದ್ದರಿಂದ, ತೀರ್ಪು ಕೊಟ್ಟರು: "ಕಲ್ಲಣ್ಣಾ, ಹೊಡಕೊಂಡು ಹೋಗು. ದರಿದ್ರ ಕುದರಿ."

ಕಲ್ಲಣ್ಣ ಮೈನಾಳನ್ನು ನೋಡಿದ, ಎತ್ತಿನಗಾಡಿಯ ಮೂಕಿ ನೋಡಿದ, ಕೈಯಲ್ಲಿದ್ದ ಹಗ್ಗ ಸುತ್ತತೊಡಗಿದ.

"ನನಗ ಬ್ಯಾಡ್ರಿ."

"ಯಾಕೋ?"

"ರೇಲ್ವೆ ಗೇಟ ಹಾಕಿದಾಗ ಇದು ತಾಂಗಾ ಸಮೇತ ಗೇಟ ಜಿಗದ್ರ ಪ್ಯಾಸೆಂಜರ ಎಲ್ಲಿ ಹುಡಕಲ್ರಿ? ನನಗ ನಡಿಯೂ ಕುದರಿ ಬೇಕು."

"ಸುಮ್ನ ತಗೊಂಡ ಹೋಗೋ."

"ಸುಮ್ನ ಕೊಟ್ಟರೂ ಬ್ಯಾಡ್ರಿ. ಕಣ್ಣಾರೆ ನೋಡೀನಿ." ಹೀಗೆ ಹೇಳಿ ಹಗ್ಗ ಹೆಗಲಿಗೆ ಹಾಕಿಕೊಂಡು ಸ್ಟೇಶನ್ನಿನ ದಾರಿ ಹಿಡಿದ.

ಸಾಹುಕಾರರು ಸುತ್ತ ಇನ್ನೊಬ್ಬ ಗಿರಾಕಿಗಾಗಿ ನೋಡಿದರು. ಎಲ್ಲರೂ ಜಿಗಿತ ನೋಡಿದವರೇ, ಯಾರೂ ಮುಂದೆ ಬರಲಿಲ್ಲ. ಕೊನೆಗೆ ಬೆನ್ನ ಕೆಳಗಿನ ಒಂದು ಮುಳ್ಳನ್ನು ಕೈಯಾಡಿಸಿ ಹುಡುಕುತ್ತ ಕೇಳಿದರು:

"ಹಂಗಾದರ ಈ ಕುದರೀನ ಏನ ಮಾಡೂಣೋ ಪೀರಪ್ಪಾ?"

"ಹುಲ್ಲ ಹಾಕೂಣ್ರಿ," ಎಂದ ಪೀರಪ್ಪ.