ಎರಡಿಂಚು ಸುಟ್ಟ ಟೇಪು

ನಮ್ಮ ಭಾವ ಎದುರಿಗೆ ಬಂದವರ ಮುಖ ನೋಡುವುದಿಲ್ಲ, ಭುಜ ನೋಡುತ್ತಾರೆ. ಮೊದಲ ಸಲ ಭೇಟಿಯಾದವರು ಇದನ್ನು ಸಂಕೋಚವೆಂದೋ ಗರ್ವವೆಂದೋ ಭಾವಿಸಿ ಮನಸ್ಸಿನಲ್ಲೇ ಒಂದು ತೀರ್ಪು ಬರೆದುಕೊಂಡು ಹೋಗುವುದುಂಟು, ಎರಡೂ ತಪ್ಪು. ನಲವತ್ತು ವರ್ಷ ಕೋಟು ಹೊಲಿದ ದರ್ಜಿಯ ಕಣ್ಣಿಗೆ ಮನುಷ್ಯನೆಂದರೆ ಮೊದಲು ಒಂದು ಜೋಡಿ ಭುಜ, ಆಮೇಲೆ ಎದೆ, ಆಮೇಲೆ ತೋಳು, ಸಮಯ ಉಳಿದರೆ ಮುಖ. ದಾರಿಯಲ್ಲಿ ನಮಸ್ಕಾರ ಮಾಡಿ ಹೋದವರನ್ನು ಯಾರೆಂದು ಕೇಳಿದರೆ ಹೆಸರು ನೆನಪಾಗದೆ ತಡವರಿಸಿ, ಕೊನೆಗೆ "ಬಲಭುಜ ಅರ್ಧ ಇಂಚು ಇಳಿದಿದೆಯಲ್ಲ, ಬ್ಯಾಂಕಿನವರು" ಎನ್ನುತ್ತಾರೆ. ನನ್ನನ್ನು ಮೊಟ್ಟಮೊದಲು ಕಂಡಾಗ ಅವರು ಆಡಿದ ಮಾತು, "ನಿನ್ನ ಎಡತೋಳು ಉದ್ದ ಕಣಯ್ಯ" ಎಂಬುದು. ಹೌದು, ಉದ್ದವೇ. ಅಲ್ಲಿಯವರೆಗೆ ನನಗದು ಗೊತ್ತಿರಲಿಲ್ಲ, ಆಮೇಲೆ ಮರೆಯುವುದಕ್ಕೂ ಆಗಲಿಲ್ಲ.

ಊರಿನ ದೊಡ್ಡವರಿಗೆಲ್ಲ ಕೋಟು ಹೊಲಿಯುವ ಈ ಮನುಷ್ಯನ ಸ್ವಂತ ಕೋಟು ಮಾತ್ರ ನೋಡುವ ಹಾಗಿಲ್ಲ. ಕಂದುಬಣ್ಣದ್ದು, ಮೊಣಕೈ ಸವೆದು ಹೊಳೆಯುತ್ತದೆ, ಸದಾ ನೀಲಿ ಚಾಕ್ ಇಟ್ಟುಕೊಳ್ಳುವುದರಿಂದ ಬಲಜೇಬಿನ ಅಂಚು ಖಾಯಂ ನೀಲಿ. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಬಾಗಿ ಬಾಗಿ ಅವರ ನಡಿಗೆಗೂ ಒಂದು ಓರೆ ಬಂದಿದೆ: ಎಡಕ್ಕೆ ಸ್ವಲ್ಪ ವಾಲಿ, ರಸ್ತೆಯನ್ನೇ ಹರವಿದ ಬಟ್ಟೆಯೆಂದುಕೊಂಡವರಂತೆ ಅಂಚಿನ ಗೆರೆ ಹಿಡಿದು ನಡೆಯುತ್ತಾರೆ. ಇವೆಲ್ಲದರ ಮೇಲೆ, ಕೊರಳಲ್ಲಿ ಆ ಟೇಪು.

ಆ ಟೇಪಿಗೆ ಮೊದಲ ಎರಡು ಇಂಚು ಇಲ್ಲ. ಮದುವೆಯಾದ ಮೊದಲ ತಿಂಗಳಲ್ಲೇ ನನ್ನ ಅಕ್ಕ ಅಂಗಡಿಗೆ ಹೋಗಿ, ಸಹಾಯ ಮಾಡುವ ಹುಮ್ಮಸ್ಸಿನಲ್ಲಿ, ಕಾದ ಇಸ್ತ್ರಿಪೆಟ್ಟಿಗೆಯನ್ನು ಅದರ ತುದಿಯ ಮೇಲಿಟ್ಟಳು. ಹೊಗೆ ಬಂತು, ಎರಡಿಂಚು ಹೋಯಿತು. ಭಾವ ಕರಕಲು ತುದಿಯನ್ನು ಕತ್ತರಿಸಿ, ಅಂಚು ಮಡಚಿ ಹೊಲಿದು, ಟೇಪನ್ನು ಮತ್ತೆ ಕೊರಳಿಗೆ ಹಾಕಿಕೊಂಡರು. ಅಂದಿನಿಂದ ಮೂವತ್ತನಾಲ್ಕು ವರ್ಷ, ಟೇಪು ತೋರಿಸಿದ್ದರಲ್ಲಿ ಎರಡು ಕಳೆದು ಚೀಟಿಯಲ್ಲಿ ಬರೆಯುವುದೇ ಅವರ ಪದ್ಧತಿ. ಹೊಸ ಟೇಪೇನು ಕೈಗೆಟುಕದ ವಸ್ತುವಲ್ಲ. ನಾನೇ ಮೂರು ತಂದುಕೊಟ್ಟಿದ್ದೇನೆ. ಮೂರೂ ಮೇಜಿನ ಖಾನೆಯಲ್ಲಿ ಸುರುಳಿ ಬಿಚ್ಚದೆ ಮಲಗಿವೆ.

ಹೀಗೆ ಕಳೆಯುತ್ತ ಕಳೆಯುತ್ತ ಆ ಕಳೆಯುವಿಕೆ ಟೇಪಿನಿಂದ ನಾಲಿಗೆಗೂ ಹತ್ತಿತು. ಯಾರಾದರೂ ತಮ್ಮ ಮಗನ ಪ್ರತಾಪವನ್ನು ಬಣ್ಣಿಸಿದರೆ, ಅವರು ಅತ್ತ ಹೋದ ಮೇಲೆ ಭಾವ ಮೆಲ್ಲಗೆ "ಎರಡು ಕಳಿ" ಎನ್ನುತ್ತಾರೆ. ಪತ್ರಿಕೆ ಓದಿ ಮಡಚಿಟ್ಟು "ಎರಡು ಕಳಿ." ನಾನು ಬರೆದದ್ದನ್ನು ಯಾರೋ ಹೊಗಳಿದ್ದಾರೆಂದು ಒಮ್ಮೆ ಹಿಗ್ಗಿನಿಂದ ಹೇಳಿದಾಗ, ಭುಜವನ್ನೇ ನೋಡುತ್ತ ಅದೇ ಎರಡು ಪದ. ನಾನು ವಾರವಿಡೀ ಮುಖ ಊದಿಸಿಕೊಂಡಿದ್ದೆ, ಸುಳ್ಳೇಕೆ ಹೇಳಲಿ.

ಅವರದು ಇನ್ನೊಂದು ಹಟ. ಒಮ್ಮೆ ಚೀಟಿಯಲ್ಲಿ ಬರೆದ ಅಳತೆಯನ್ನು ಮತ್ತೆ ತೆಗೆಯುವುದಿಲ್ಲ. ಎರಡನೆಯ ಸಲ ಅಳೆದರೆ ಮೊದಲ ಸಲ ಅಳೆದವನಿಗೆ ಅವಮಾನ ಎಂಬುದು ಅವರ ಸಿದ್ಧಾಂತ. ಅಳೆದವರು ತಾವೇ ಆಗಿರುತ್ತಿದ್ದರಿಂದ ಈ ಸಿದ್ಧಾಂತ ಅವರಿಗೆ ಬಹುಕಾಲ ಯಾವ ತೊಂದರೆಯನ್ನೂ ಕೊಡಲಿಲ್ಲ.

ಕಳೆದ ವರ್ಷ ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಕೀಲು ಮುರಿದುಕೊಂಡಳು. ಮೂವತ್ತು ವರ್ಷ ಶಾಲೆಯಲ್ಲಿ ಲೆಕ್ಕ ಕಲಿಸಿ, ಮೊದಲ ಬೆಂಚಿನಿಂದ ಕೊನೆಯ ಬೆಂಚಿನವರೆಗೆ ಎಲ್ಲರನ್ನೂ ನಡುಗಿಸಿದವಳು ಕೋಲು ಹಿಡಿದು ಕೋಣೆಯಿಂದ ಕೋಣೆಗೆ ನಡೆಯುವಂತಾಯಿತು. ವೈದ್ಯರು ಹಾಕಿದ ಕೀಲು ಚೆನ್ನಾಗಿಯೇ ಕೂತಿತು, ಕೂರುವುದೇ ಕಷ್ಟವಾಯಿತು. ಮನೆಯ ಹಳೆಯ ಕಾರು ತೀರ ತಗ್ಗಿನದು. ಪ್ರತಿ ಗುರುವಾರ ಹಳೆಯ ಸಹೋದ್ಯೋಗಿಗಳ ಕೂಟಕ್ಕೆ ಹೋಗುವ ಅಕ್ಕ, ಶಸ್ತ್ರಚಿಕಿತ್ಸೆಯ ನಂತರ ಮೊದಲ ಸಲ ಹೊರಟ ಗುರುವಾರ, ದಾರಿಯ ಔಷಧಿ ಅಂಗಡಿಯ ಮುಂದೆ ಅದರಿಂದ ಇಳಿಯಲು ಹೋಗಿ ಅರ್ಧದಲ್ಲೇ ಸಿಕ್ಕಿಕೊಂಡಳು. ಏಳಲೂ ಆಗದು, ಕೂರಲೂ ಆಗದು. ದಾರಿಹೋಕರಿಬ್ಬರು ಕಂಕುಳಿಗೆ ಕೈಹಾಕಿ ಎತ್ತಿ ನಿಲ್ಲಿಸಿದರು, ಅಂಗಡಿಯ ಮುಂದಿದ್ದವರೆಲ್ಲ ನೋಡಿದರು. ಆಕೆ ಎತ್ತಿದವರಿಗೆ ಕೃತಜ್ಞತೆ ಹೇಳಿ ಮನೆಗೆ ಬಂದವಳು ಮತ್ತೆ ಹೊಸ್ತಿಲು ದಾಟಲಿಲ್ಲ. ಎಂಟು ತಿಂಗಳು. ಗುರುವಾರದ ಕೂಟ ಬಿಟ್ಟಳು, ಮಗಳ ಮನೆ ಬಿಟ್ಟಳು. ಕೇಳಿದರೆ, "ಇಲ್ಲೇ ಚೆನ್ನಾಗಿದೆ" ಎನ್ನುವಳು. ಆ ಮಾತಿನಲ್ಲಿ ಎರಡಲ್ಲ, ಪೂರ್ತಿಯೇ ಕಳೆಯಬೇಕೆಂದು ಎಲ್ಲರಿಗೂ ಗೊತ್ತಿತ್ತು.

ಭಾವ ಅವಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ನೆಲದಿಂದ ಸೊಂಟದವರೆಗೆ ಅಳೆದರು. ಬೆನ್ನು ತಿರುಗಿಸಿ, ಮಂಡಿ ಹೆಚ್ಚು ಮಡಚದೆ, ಹಾಗೇ ಹಿಂದಕ್ಕೆ ಒರಗಿ ಕೂರಬೇಕಾದರೆ ಆಸನ ನೆಲದಿಂದ ಇಪ್ಪತ್ತೆಂಟೂವರೆ ಇಂಚು ಇರಬೇಕು. ಅದನ್ನು ಚೀಟಿಯಲ್ಲಿ ಬರೆದು ಜೇಬಿಗಿಟ್ಟುಕೊಂಡು ಕಾರು ಹುಡುಕಲು ಹೊರಟರು. ಜೊತೆಗೆ, ಬೇರೆ ಕೆಲಸವಿಲ್ಲದವನೆಂದು ಮನೆಯವರೆಲ್ಲ ಒಮ್ಮತದಿಂದ ತೀರ್ಮಾನಿಸಿದ್ದ ನಾನು.

ಏಳು ಶೋರೂಮು ಹತ್ತಿ ಇಳಿದೆವು. ಗಾಜಿನ ಗೋಡೆ, ಮುಖ ಕಾಣುವಂಥ ನೆಲ, ಆ ನೆಲದ ಮೇಲೆ ನಮ್ಮ ಭಾವನ ಓರೆ ನಡಿಗೆ. ಮಾರುವವರು ಎಂಜಿನ್ನಿನ ಶಕ್ತಿ ಹೇಳಿದರು, ಆಕಾಶಕ್ಕೆ ತೆರೆದುಕೊಳ್ಳುವ ಚಾವಣಿ ತೋರಿಸಿದರು, ಹದಿನಾಲ್ಕು ಸ್ಪೀಕರಿನಲ್ಲಿ ಹಾಡು ಹಾಕಿದರು. ಭಾವನದು ಒಂದೇ ಪ್ರಶ್ನೆ: "ಕೂರೋ ಜಾಗ ನೆಲದಿಂದ ಎಷ್ಟು ಎತ್ತರ?" ಅದನ್ನು ಯಾರೂ ಬಾಯಿಪಾಠ ಮಾಡಿರಲಿಲ್ಲ. ಆಗ ಇವರು ಬಾಗಿಲು ತೆರೆದು, ಮಂಡಿಯೂರಿ, ಟೇಪು ಇಳಿಬಿಟ್ಟು ತಾವೇ ಅಳೆಯುವರು. ಸಣ್ಣ ಕಾರು ತೀರ ತಗ್ಗು. ಮಧ್ಯಮದವು ಒಂದೋ ಇಪ್ಪತ್ತಾರಕ್ಕೆ ನಿಲ್ಲುತ್ತಿದ್ದವು, ಇಲ್ಲವೇ ಆಸನ ಸರಿಯಿದ್ದರೆ ಬಾಗಿಲ ಚೌಕಟ್ಟು ತಲೆಗೆ ಬಡಿಯುತ್ತಿತ್ತು. ಏಳನೆಯ ಶೋರೂಮಿನಲ್ಲಿ ಸಿಕ್ಕಿತು: ಕಪ್ಪನೆಯ, ಭಾರೀ ಗಾತ್ರದ, ಶ್ರೀಮಂತರು ಬೆಟ್ಟ ಹತ್ತುವ ಕನಸು ಕಾಣುತ್ತ ಪೇಟೆಯಲ್ಲಿ ಓಡಿಸುವ ಎಸ್‌ಯುವಿ. ಬಾಗಿಲು ತೆರೆದೊಡನೆ ಅದು ನಿಟ್ಟುಸಿರು ಬಿಟ್ಟು ಮೂರು ಬೆರಳಷ್ಟು ತಾನೇ ತಗ್ಗಿತು. ಭಾವ ಅಳೆದರು. ಎರಡು ಕಳೆದರು. ಸರಿಯಾಗಿ ಇಪ್ಪತ್ತೆಂಟೂವರೆ. ಅವರ ಮುಖದ ಮೇಲೆ ಅಂಥ ತೃಪ್ತಿಯನ್ನು ನಾನು ಕಂಡದ್ದು ಆ ಒಂದೇ ಸಲ.

ಮನೆಯಲ್ಲಿ ಗದ್ದಲವೆದ್ದಿತು. ಮಗಳು ನಗರದ ರಸ್ತೆ ವಿಭಾಗದಲ್ಲಿ ಎಂಜಿನಿಯರ್; ಇಂಥ ಗಾಡಿಗಳ ಮೇಲೆ ಆಕೆಗೆ ಕಸುಬಿನ ಸಿಟ್ಟು.

"ಅಪ್ಪ, ಈ ಊರಲ್ಲಿ ಗಂಟೆಗೆ ಹದಿನೈದು ಕಿಲೋಮೀಟರ್ ಓಡೋಕೆ ಬೆಟ್ಟ ಹತ್ತೋ ಗಾಡಿ ಯಾಕೆ? ಎಲ್ಲಿ ನಿಲ್ಲಿಸ್ತೀರಿ? ಎಣ್ಣೆ ಎಷ್ಟು ಕುಡಿಯುತ್ತೆ ಗೊತ್ತಾ?"

"ಹತ್ತೋಕಲ್ಲಮ್ಮ, ಕೂರೋಕೆ," ಎಂದರು ಭಾವ.

ಅಕ್ಕ ಕೋಣೆಯಿಂದಲೇ, "ನನ್ನನ್ನ ಹೊರೋಕೆ ಆನೆ ತರ್ತಾರಂತೆ, ಬಿಡೇ," ಎಂದಳು. ಅಣಕದ ದನಿಯೇ. ಆದರೆ ಅಂದು ಸಂಜೆ ಆ ಕಾರಿನ ಚಿತ್ರಪುಸ್ತಕ ಅವಳ ದಿಂಬಿನ ಪಕ್ಕದಲ್ಲಿತ್ತು. ನಾನು ನೋಡಿಯೂ ನೋಡದವನಂತೆ ಬಂದೆ.

ಇಷ್ಟೆಲ್ಲ ಅಳೆದ ಮಹಾನುಭಾವ ಅಳೆಯದೆ ಬಿಟ್ಟದ್ದು ಒಂದನ್ನೇ, ತಮ್ಮ ಮನೆಯ ಗೇಟನ್ನು. ನಮ್ಮ ಓಣಿಯಲ್ಲಿ ರಸ್ತೆಯ ಮೇಲೆ ಕಾರು ಬಿಡುವಂತಿಲ್ಲ, ಒಳಗೇ ನಿಲ್ಲಿಸಬೇಕು. ಮುಂಗಡ ಕೊಡಲು ಹೋದ ದಿನ ಮಾರುವವನೇ ಕೇಳಿದ, "ಸರ್, ಕನ್ನಡಿ ಮಡಚಿದ್ರೂ ಎಂಬತ್ತೊಂದು ಇಂಚು ಅಗಲ. ನಿಮ್ಮ ಗೇಟು?" ಭಾವನ ಕೈ ಕೊರಳಿಗೆ ಹೋಯಿತು. ಅಲ್ಲಿ ಟೇಪು ಇರಲಿಲ್ಲ. ಹಿಂದಿನ ರಾತ್ರಿ ಅಕ್ಕನ ಮಂಚದ ತಲೆಗಂಬಕ್ಕೆ ತೂಗುಹಾಕಿದ್ದನ್ನು ಮರೆತು ಬಂದಿದ್ದರು, ಮೂವತ್ತನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ.

ಮನೆಗೆ ಫೋನು ಮಾಡಿದರು. "ಪಕ್ಕದ ಮನೆಯವರನ್ನ ಕರೆದು ಗೇಟು ಅಳೆಸಿ ಹೇಳು. ಕಂಬದಿಂದ ಕಂಬಕ್ಕೆ. ಟೇಪು ಎರಡು ಸಲ ಹಾಕಬೇಕಾಗುತ್ತೆ."

"ಆಯ್ತು," ಎಂದಳು ಅಕ್ಕ. ಅರ್ಧ ಗಂಟೆಯಾಯಿತು. ಮಾರುವವನು ನಮಗೆ ಎರಡು ಸಲ ಕಾಫಿ ತರಿಸಿದ. ಫೋನು ಬಂತು. "ಎಂಬತ್ತನಾಲ್ಕು ಕಣ್ರೀ," ಎಂದು ಇಟ್ಟುಬಿಟ್ಟಳು.

ಭಾವ ಚೀಟಿ ತೆಗೆದರು. ಪಕ್ಕದ ಮನೆಯವರಿಗೆ ಟೇಪಿನ ಗುಟ್ಟು ಹೇಗೆ ಗೊತ್ತಿರಬೇಕು? ಒಂದು ಸಲ ಹಾಕಿದ್ದಕ್ಕೆ ಎರಡು, ಇನ್ನೊಂದು ಸಲ ಹಾಕಿದ್ದಕ್ಕೆ ಎರಡು. ನಾಲ್ಕು ಕಳೆದು, ಎಂಬತ್ತು ಎಂದು ಬರೆದರು. ಕಾರಿಗಿಂತ ಗೇಟು ಒಂದಿಂಚು ಚಿಕ್ಕದು. ಆ ಕಂಬಗಳ ಮೇಲೆಯೇ ಮಾಳಿಗೆಯ ಭಾರ ಕೂತಿದ್ದರಿಂದ ಒಡೆಯುವ ಮಾತೂ ಇಲ್ಲ. ಅವರು ಆ ಕಪ್ಪು ಬಾಗಿಲನ್ನು ಇನ್ನೊಮ್ಮೆ ತೆರೆದು, ಅದು ತಗ್ಗುವುದನ್ನು ನೋಡಿ, ಮೆಲ್ಲಗೆ ಮುಚ್ಚಿದರು. ಚೀಟಿಗೆ ಬಿದ್ದ ಅಳತೆಯಾದ್ದರಿಂದ ಗೇಟನ್ನು ತಾವೇ ಮತ್ತೆ ಅಳೆಯುವ ಯೋಚನೆಯನ್ನೂ ಮಾಡಲಿಲ್ಲ. ಮನೆಗೆ ಬಂದು, "ಆ ಕಾರು ಬೇಡ ಅಂದ್ಕೊಂಡೆ," ಎಂದಷ್ಟೇ ಹೇಳಿದರು. ಅಕ್ಕ ಏಕೆಂದು ಕೇಳಲಿಲ್ಲ. ಜನರ ನಗೆಗೆ ಅಂಜಿದರೆಂದು ಅವಳು ತಿಳಿದಳು. ಆಕೆಯ ಮನಸ್ಸು ಮುರಿಯಿತೆಂದು ನನಗನಿಸಿತು. ಅಂದಿನಿಂದ ಚಿತ್ರಪುಸ್ತಕ ದಿಂಬಿನ ಪಕ್ಕದಲ್ಲಿ ಕಾಣಲಿಲ್ಲ.

ಮೂರು ವಾರದ ನಂತರ ಒಂದು ಮಧ್ಯಾಹ್ನ ಮಗಳು ಸಣ್ಣ ಕಾರುಗಳ ಪಟ್ಟಿಯೊಂದಿಗೆ ಬಂದು, "ಅಂತೂ ಒಳ್ಳೇ ಬುದ್ಧಿ ಬಂತಲ್ಲ ಅಪ್ಪ," ಎಂದಳು.

"ಬುದ್ಧಿಯಲ್ಲಮ್ಮ. ಗೇಟು ಎಂಬತ್ತೇ ಇಂಚು, ಅದು ಒಳಗೆ ಬರಲ್ಲ."

ಕುರ್ಚಿಯಲ್ಲಿದ್ದ ಅಕ್ಕ ತಲೆಯೆತ್ತಿದಳು. "ಎಂಬತ್ತನಾಲ್ಕು."

"ನೀನು ಹೇಳಿದ್ದು ಎಂಬತ್ತನಾಲ್ಕು. ನಾಲ್ಕು ಕಳೆದೆ."

"ನಾನು ಕಳೆದೇ ಹೇಳಿದ್ದು. ಟೇಪಲ್ಲಿ ಎಂಬತ್ತೆಂಟಿತ್ತು."

ಭಾವ ತಬ್ಬಿಬ್ಬಾದರು. "ಪಕ್ಕದ ಮನೆಯವರಿಗೆ ನೀನು ಅದನ್ನೆಲ್ಲ ಹೇಳಿದ್ಯಾ?"

"ಅವರ್ಯಾಕೆ ಬರ್ತಾರೆ? ನಾನೇ ಹೋಗಿ ಅಳೆದೆ. ಟೇಪು ಸುಟ್ಟವಳು ನಾನು, ಎಷ್ಟು ಕಳೀಬೇಕು ಅಂತ ನನಗೆ ಗೊತ್ತಿಲ್ವಾ?"

ಭಾವ ಎದ್ದು, ಓರೆಯಾಗಿ ನಡೆದು, ಗೇಟಿನ ಬಳಿ ಹೋದರು. ನಾನು ಹಿಂದೆಯೇ ಹೋದೆ. ಟೇಪು ಕೊರಳಲ್ಲಿತ್ತು, ಕೈ ಅದಕ್ಕೆ ಹೋಯಿತು, ಆದರೆ ಅವರು ಅಳೆಯಲಿಲ್ಲ. ಗೇಟಿನ ತಗಡಿನ ಮೇಲೆ, ಟೇಪು ಮೊದಲ ಸಲ ಮುಗಿದ ಜಾಗದಲ್ಲಿ, ಚಾಕಿನ ಒಂದು ನೀಲಿ ಗೆರೆ ಇನ್ನೂ ಇತ್ತು. ಅದರ ಎತ್ತರವನ್ನು ನೋಡುತ್ತ ನಿಂತರು. ಅದು ಯಾರ ಭುಜದ ಎತ್ತರ ಎಂದು ಅವರಿಗೆ ಟೇಪು ಹೇಳಬೇಕಾಗಿರಲಿಲ್ಲ. ಬಾಗಿಲಿನಿಂದ ಅಲ್ಲಿಗೆ ಮೂರು ಮೆಟ್ಟಿಲು, ಹನ್ನೊಂದು ಹೆಜ್ಜೆ; ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಟೇಪು; ಈ ಕಂಬದಿಂದ ಆ ಕಂಬಕ್ಕೆ, ಮತ್ತೆ ಒಳಗೆ. ಎಂಟು ತಿಂಗಳು ಹೊಸ್ತಿಲು ದಾಟದವಳು ದಾಟಿದ್ದಳು, ದಾಟಿದ್ದನ್ನು ಯಾರಿಗೂ ಹೇಳಿರಲಿಲ್ಲ. ಭಾವನ ಕಣ್ಣು ತುಂಬಿತು. ಬಂದ ನೀರನ್ನು ನೀಲಿ ಹತ್ತಿದ ಬೆರಳಿಂದಲೇ ಒರೆಸಿಕೊಂಡರು.

ಮರುದಿನವೇ ಮುಂಗಡ ಕೊಟ್ಟರು. ಕಾರು ಬಂತು, ಕನ್ನಡಿ ಮಡಚಿ, ಒಂದೊಂದು ಕಡೆ ಒಂದೂವರೆ ಇಂಚು ಬಿಟ್ಟು, ಒಳಗೂ ಹೋಯಿತು. ಓಣಿಯವರು ಕಣ್ಣರಳಿಸಿದರು. ಮಗಳು ಈಗಲೂ ಅದರಲ್ಲಿ ಕೂತಾಗ ಮೂಗು ಮುರಿಯುತ್ತಾಳೆ, ಮತ್ತು ಅವಳು ಹೇಳುವುದು ನ್ಯಾಯವಾಗಿಯೇ ಇದೆ. ಮೊದಲ ಗುರುವಾರ ಭಾವ ಕಾರನ್ನು ಮೆಟ್ಟಿಲಿಗೆ ತಾಗುವಷ್ಟು ಹತ್ತಿರ ತಂದು ನಿಲ್ಲಿಸಿದರು. ಅಕ್ಕ ಬಾಗಿಲಲ್ಲೇ ನಿಂತು, ಶಾಲೆಯ ದನಿಯಲ್ಲಿ, "ಗೇಟಿನ ಹೊರಗೆ ನಿಲ್ಲಿಸಿ. ನಾನು ನಡ್ಕೊಂಡು ಬರ್ತೀನಿ," ಎಂದಳು. ನಿಲ್ಲಿಸಿದರು. ಅವಳು ಬಂದಳು, ಬೆನ್ನು ತಿರುಗಿಸಿ, ಒರಗಿ, ಯಾರ ಕೈಯನ್ನೂ ಹಿಡಿಯದೆ ಕೂತಳು.

ಲೋಕದಲ್ಲಿ ಇಂಥವರು ಬಹಳ ಮಂದಿ ಇದ್ದಾರೆ. ಮಾತಿನಲ್ಲಿ ಹೇಳಲಾರದ್ದನ್ನು ಅಳತೆಯಲ್ಲಿ ಹೇಳುತ್ತಾರೆ; ತಮ್ಮವರ ಸೊಂಟಕ್ಕೆ ಸರಿಹೋಗುವ ಆಸನಕ್ಕಾಗಿ ಊರಿಡೀ ಮಂಡಿಯೂರುತ್ತಾರೆ, ನಗುವವರು ನಗಲಿ ಎಂದು ಆನೆಯಂಥ ಕಾರು ತರುತ್ತಾರೆ. ಅವರ ಪ್ರೀತಿಯಲ್ಲಿ ಎಳ್ಳಷ್ಟೂ ಕೊರತೆಯಿಲ್ಲ. ಆದರೆ ತಾವು ಪ್ರೀತಿಸುವವರ ಶಕ್ತಿಯನ್ನು ಲೆಕ್ಕ ಹಾಕುವಾಗ ಮಾತ್ರ, ತಮಗೇ ತಿಳಿಯದೆ, ನಾಲ್ಕು ಇಂಚು ಕಳೆದೇ ಬರೆದುಕೊಳ್ಳುತ್ತಾರೆ. ಈಗ ಪ್ರತಿ ಗುರುವಾರ ಭಾವ ಕಾರಿನ ಬಾಗಿಲು ತೆರೆದು ನಿಲ್ಲುತ್ತಾರೆ. ಅಕ್ಕ ಹನ್ನೊಂದು ಹೆಜ್ಜೆ ನಡೆದು ಬರುವಷ್ಟು ಹೊತ್ತು ಅವರ ಬಲಗೈ ಮುಂದಕ್ಕೆ ಚಾಚುತ್ತದೆ, ನಿಲ್ಲುತ್ತದೆ, ಮತ್ತೆ ನೀಲಿ ಅಂಚಿನ ಜೇಬಿಗೆ ಹೋಗುತ್ತದೆ. ಅವಳ ನಡಿಗೆಯ ಬಗ್ಗೆ ಮೊನ್ನೆ ನಾನು ಎರಡು ಮಾತು ಹೊಗಳಿದೆ. ಅವರು ಅದರಲ್ಲಿ ಏನನ್ನೂ ಕಳೆಯಲಿಲ್ಲ.